ಅಂತರರಾಷ್ಟ್ರೀಕರಣವನ್ನು ಕೊನೆಯ ವಾರಕ್ಕೆ ಉಳಿಸಬೇಡಿ

ಪ್ರಶ್ನೆ: ಪದವಿಯ ಮೂರನೇ ವರ್ಷದ ವಿದ್ಯಾರ್ಥಿಗಳಿಗೆ ನಾನು ಸಾಫ್ಟ್‌ವೇರ್ ಎಂಜಿನಿಯರಿಂಗ್ ಕಲಿಸುತ್ತೇನೆ. ಅಂತರರಾಷ್ಟ್ರೀಕರಣಕ್ಕೆ ಪಠ್ಯಕ್ರಮದಲ್ಲಿ ಪ್ರತ್ಯೇಕ ಜಾಗವಿಲ್ಲ. ಕೊನೆಯ ವಾರದಲ್ಲಿ ಒಂದು ಗಂಟೆ ಸಿಕ್ಕರೆ ಹೆಚ್ಚು. ವಿದ್ಯಾರ್ಥಿಗಳು ಇದನ್ನು ಅನುವಾದದ ಕೆಲಸವೆಂದೇ ತಿಳಿಯುತ್ತಾರೆ. ನನಗೂ ಕನ್ನಡ, ಇಂಗ್ಲಿಷ್ ಬಿಟ್ಟರೆ ಅರೇಬಿಕ್ ಆಗಲಿ ಜಪಾನಿ ಆಗಲಿ ಬಾರದು. ಇದನ್ನು ಎಲ್ಲಿ ಸೇರಿಸಬೇಕು, ಹೇಗೆ ಕಲಿಸಬೇಕು, ಅಂಕ ಹೇಗೆ ಕೊಡಬೇಕು?

ಉತ್ತರ: ಕೊನೆಯ ವಾರದ ಆ ಒಂದು ಗಂಟೆಯನ್ನು ಬಿಟ್ಟುಕೊಡಿ ಎಂಬುದೇ ನನ್ನ ಮೊದಲ ಸಲಹೆ. ಅಷ್ಟು ಹೊತ್ತಿಗೆ ತಂಡಗಳ ಪ್ರಾಜೆಕ್ಟ್ ಮುಗಿದಿರುತ್ತದೆ, ಡೇಟಾಬೇಸ್‌ನ ರೂಪ ಗಟ್ಟಿಯಾಗಿರುತ್ತದೆ, ಪರದೆಗಳೆಲ್ಲ ಸಿದ್ಧವಾಗಿರುತ್ತವೆ. ಬದಲಿಸುವಂಥದ್ದು ಏನೂ ಉಳಿದಿರದ ಕಾರಣ ನೀವು ಹೇಳುವುದೆಲ್ಲ ಕಿವಿಮಾತಾಗಿ ಕೇಳಿಸುತ್ತದೆಯೇ ಹೊರತು ವಿನ್ಯಾಸದ ಪಾಠವಾಗಿ ಕೇಳಿಸುವುದಿಲ್ಲ. ಅದು ಅನುವಾದದ ಕೆಲಸ ಎಂಬ ತಪ್ಪು ತಿಳಿವಳಿಕೆಗೆ ಮೂಲವೂ ಬಹುಮಟ್ಟಿಗೆ ಇಲ್ಲಿಯೇ ಇದೆ, ಏಕೆಂದರೆ ಎಲ್ಲ ಮುಗಿದ ಮೇಲೆ ಮಾಡಲು ಸಾಧ್ಯವೆನಿಸುವ ಕೆಲಸ ಅನುವಾದ ಒಂದೇ. ಅದೇ ಒಂದು ಗಂಟೆಯನ್ನು ಸೆಮಿಸ್ಟರಿನ ನಾಲ್ಕು ಕಡೆ ಹದಿನೈದು ನಿಮಿಷಗಳಂತೆ ಹಂಚಿ, ಉಳಿದದ್ದನ್ನು ಪ್ರಾಜೆಕ್ಟ್‌ನೊಳಗೇ ಹೆಣೆದರೆ ಪಠ್ಯಕ್ರಮದಲ್ಲಿ ಹೊಸ ಜಾಗವೇ ಬೇಕಾಗುವುದಿಲ್ಲ.

ಮೊದಲು ಎರಡು ಪದಗಳನ್ನು ಬೇರ್ಪಡಿಸಿಕೊಡಿ. ಕೋಡಿಗೆ ಕೈಹಚ್ಚದೆಯೇ ಯಾವುದೇ ಭಾಷೆ, ಲಿಪಿ, ಪ್ರದೇಶಕ್ಕೆ ಒಗ್ಗಿಸಬಹುದಾದ ಹಾಗೆ ತಂತ್ರಾಂಶವನ್ನು ಕಟ್ಟುವುದು ಅಂತರರಾಷ್ಟ್ರೀಕರಣ. ಹಾಗೆ ಕಟ್ಟಿದ ತಂತ್ರಾಂಶವನ್ನು ಒಂದು ನಿರ್ದಿಷ್ಟ ಭಾಷೆಗೆ, ಪ್ರದೇಶಕ್ಕೆ ಒಗ್ಗಿಸುವುದು ಸ್ಥಳೀಕರಣ. ಮೊದಲನೆಯದು ಎಂಜಿನಿಯರನ ಹೊಣೆ, ಎರಡನೆಯದರಲ್ಲಿ ಅನುವಾದಕರ ಪಾಲು ದೊಡ್ಡದು. ಇಂಗ್ಲಿಷಿನಲ್ಲಿ ಆ ಪದಗಳ ಮೊದಲ ಮತ್ತು ಕೊನೆಯ ಅಕ್ಷರಗಳ ನಡುವೆ ಕ್ರಮವಾಗಿ 18 ಮತ್ತು 10 ಅಕ್ಷರಗಳಿರುವುದರಿಂದ ಅವುಗಳನ್ನು ಐ18ಎನ್, ಎಲ್10ಎನ್ ಎಂದು ಗುರುತಿಸುವ ರೂಢಿಯನ್ನೂ ಹೇಳಿಬಿಡಿ. ವಿದ್ಯಾರ್ಥಿಗಳು ಕೋಡ್‌ನಲ್ಲಿ ಈ ಸಂಕ್ಷೇಪಗಳನ್ನು ನೋಡಿಯೇ ನೋಡುತ್ತಾರೆ. ಸಾಫ್ಟ್‌ವೇರ್ ಎಂಜಿನಿಯರಿಂಗ್‌ನ ಜ್ಞಾನವ್ಯಾಪ್ತಿಯನ್ನು ವಿವರಿಸುವ ಸ್ವೆಬಾಕ್ ಕೈಪಿಡಿಯ ಮೂರನೇ ಆವೃತ್ತಿಯು 2014ರಲ್ಲಿ ಈ ವಿಷಯವನ್ನು ವಿನ್ಯಾಸದ ಅಧ್ಯಾಯದಲ್ಲಿ, ಬಳಕೆದಾರ ಇಂಟರ್‌ಫೇಸ್‌ನ ಒಂದು ಉಪವಿಭಾಗವಾಗಿ ಇಟ್ಟಿತು. ವಿನ್ಯಾಸದ ಅಧ್ಯಾಯದಲ್ಲಿ ಇಟ್ಟದ್ದು ಸರಿ, ಆದರೆ ಇಂಟರ್‌ಫೇಸ್‌ನ ಕೆಳಗೆ ಸೀಮಿತಗೊಳಿಸಿದ್ದು ಕಿರಿದಾಯಿತೆಂದು ನನ್ನ ಅಭಿಪ್ರಾಯ, ಏಕೆಂದರೆ ಅತ್ಯಂತ ದುಬಾರಿಯಾದ ತಪ್ಪುಗಳು ಪರದೆಯಿಂದ ಬಹಳ ಆಳದಲ್ಲಿ, ಸಂಗ್ರಹಣೆಯಲ್ಲಿ ಮತ್ತು ಹೋಲಿಕೆಯಲ್ಲಿ, ಕುಳಿತಿರುತ್ತವೆ.

ಅರೇಬಿಕ್ ಬಾರದು ಎಂಬ ಸಂಕೋಚವನ್ನು ದಯವಿಟ್ಟು ಬಿಡಿ. ನಿಮಗೂ ನಿಮ್ಮ ವಿದ್ಯಾರ್ಥಿಗಳಿಗೂ ಕನ್ನಡ ಬರುತ್ತದೆ. ಅಂತರರಾಷ್ಟ್ರೀಕರಣದ ಮುಕ್ಕಾಲು ಪಾಲು ಸಮಸ್ಯೆಗಳನ್ನು ತೋರಿಸಲು ಅದೊಂದೇ ಭಾಷೆ ಸಾಕು. ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲಿಯೇ ಒಂದು ಪ್ರಯೋಗ ಮಾಡಿಸುತ್ತೇನೆ. ಕೊಟ್ಟ ಪದವನ್ನು ತಿರುವುಮುರುವಾಗಿಸುವ ಮೂರು ಸಾಲಿನ ಪ್ರೋಗ್ರಾಮ್ ಎಲ್ಲರಿಗೂ ಗೊತ್ತು. ಅದಕ್ಕೆ 'ಕನ್ನಡ' ಎಂದು ಕೊಡಲು ಹೇಳುತ್ತೇನೆ. 'ಡನ್ನಕ' ಎಂದು ಉತ್ತರ ಬರುತ್ತದೆ. ನಿರೀಕ್ಷಿಸಿದ್ದೂ ಅದೇ ಆದ್ದರಿಂದ ತರಗತಿ ಸಮಾಧಾನಗೊಳ್ಳುತ್ತದೆ. ಆಮೇಲೆ 'ಶಾಲೆ' ಎಂದು ಕೊಡಿಸುತ್ತೇನೆ. ಈಗ ಪರದೆಯ ಮೇಲೆ ಮೊದಲಿಗೆ ಚುಕ್ಕೆಗಳ ವೃತ್ತವೊಂದಕ್ಕೆ ಅಂಟಿದ ಒಂಟಿ ಎತ್ವ, ನಂತರ 'ಲಾ', ನಂತರ 'ಶ' ಕಾಣಿಸುತ್ತವೆ.

ಇಲ್ಲಿ ಎರಡು ಪಾಠಗಳಿವೆ, ಎರಡನ್ನೂ ನಿಧಾನವಾಗಿ ಬಿಡಿಸಿ ಹೇಳಬೇಕು. ಮೊದಲನೆಯದು, ಪ್ರೋಗ್ರಾಮ್ ತಿರುಗಿಸಿದ್ದು ಅಕ್ಷರಗಳನ್ನಲ್ಲ, ಕೋಡ್ ಪಾಯಿಂಟ್‌ಗಳನ್ನು, ಅಂದರೆ ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತವು ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಕೊಟ್ಟಿರುವ ಸಂಖ್ಯೆಗಳನ್ನು. 'ಶಾಲೆ' ಕಣ್ಣಿಗೆ ಎರಡು ಅಕ್ಷರ, ಯೂನಿಕೋಡಿಗೆ ನಾಲ್ಕು ಕೋಡ್ ಪಾಯಿಂಟ್: ಶ, ದೀರ್ಘದ ಚಿಹ್ನೆ, ಲ, ಎತ್ವದ ಚಿಹ್ನೆ. ತಿರುಗಿಸಿದಾಗ ಎತ್ವವು ಆಧಾರವಿಲ್ಲದೆ ಮುಂದೆ ಬಂದು ನಿಂತಿತು, 'ಶಾ'ದ ದೀರ್ಘ ಹೋಗಿ 'ಲ'ಕ್ಕೆ ಅಂಟಿಕೊಂಡಿತು. ಎರಡನೆಯದು, ಮತ್ತು ನನಗೆ ಇನ್ನೂ ಮುಖ್ಯವೆನಿಸುವುದು, 'ಕನ್ನಡ' ಪಾಸಾದದ್ದು ಆಕಸ್ಮಿಕ. ಅದರ ಐದು ಕೋಡ್ ಪಾಯಿಂಟ್‌ಗಳ ನಡುವೆ ಇರುವ 'ನ, ವಿರಾಮ (ಸ್ವರವನ್ನು ಕಳೆಯುವ ಚಿಹ್ನೆ), ನ' ಎಂಬ ಮೂರು ಯಾವ ಕಡೆಯಿಂದ ಓದಿದರೂ ಒಂದೇ, ಏಕೆಂದರೆ ಅದು ಸಜಾತೀಯ ಒತ್ತು. ಕನ್ನಡದಲ್ಲಿಯೂ ಪರೀಕ್ಷಿಸಿದ್ದೇವೆ ಎಂದು ಒಂದು ತಂಡ ವರದಿಯಲ್ಲಿ ಬರೆದು, ಆ ಪರೀಕ್ಷೆಗೆ 'ಕನ್ನಡ' ಎಂಬ ಪದವನ್ನೇ ಬಳಸಿದ್ದರೆ, ದೋಷ ಹಾಗೆಯೇ ಉಳಿದುಬಿಡುತ್ತಿತ್ತು. ಪರೀಕ್ಷೆಯ ದತ್ತಾಂಶವನ್ನು ಯೋಚಿಸಿ ಆರಿಸಬೇಕೆಂಬ ಮಾತನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಇದಾದ ಮೇಲೆ ಉದ್ದದ ಪ್ರಶ್ನೆ ಎತ್ತಿ. 'ಕನ್ನಡ' ಎಂಬ ಪದದ ಉದ್ದವೆಷ್ಟು? ಓದುವವನಿಗೆ ಮೂರು, ಪೈಥಾನಿಗೆ ಐದು, ಯೂನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಉಳಿಸಿದ ಕಡತಕ್ಕೆ ಹದಿನೈದು ಬೈಟ್, ಏಕೆಂದರೆ ಕನ್ನಡದ ಪ್ರತಿ ಕೋಡ್ ಪಾಯಿಂಟ್ ಅಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಹೀಗಿರುವಾಗ ಹೆಸರಿನ ಕ್ಷೇತ್ರಕ್ಕೆ 20ರ ಮಿತಿ ಹಾಕಿದ ತಂಡವನ್ನು, ಇಪ್ಪತ್ತು ಏನು ಎಂದು ಕೇಳಬೇಕು. ಬೈಟ್ ಎಂದಾದರೆ ಆರು ಕೋಡ್ ಪಾಯಿಂಟ್‌ಗಳಿಗೇ ಜಾಗ ಮುಗಿಯುತ್ತದೆ. 'ಶ್ರೀ' ಎಂಬ ಒಂದೇ ಅಕ್ಷರಕ್ಕೆ ನಾಲ್ಕು ಕೋಡ್ ಪಾಯಿಂಟ್ ಬೇಕು. ಹೆಸರಿನ ಮೊದಲಕ್ಷರವನ್ನು ವೃತ್ತದಲ್ಲಿ ತೋರಿಸುವ ಪ್ರೊಫೈಲ್ ಚಿತ್ರವು 'ಶ್ರೀನಿಧಿ'ಗೆ ಬರೀ 'ಶ' ಎಂದು ತೋರಿಸುವುದು ಇದೇ ಕಾರಣಕ್ಕೆ. ಎಸ್‌ಎಂಎಸ್‌ನ ಮಿತಿ ಇಂಗ್ಲಿಷಿಗೆ 160 ಇದ್ದದ್ದು ಕನ್ನಡಕ್ಕೆ 70ಕ್ಕೆ ಇಳಿಯುವುದನ್ನೂ ಇಲ್ಲಿಯೇ ವಿವರಿಸಬಹುದು. ಕನ್ನಡ ಒಂದರಲ್ಲೇ ಪರೀಕ್ಷಿಸಿದರೆ ಕಣ್ಣಿಗೆ ಬೀಳದ ದೋಷವೂ ಒಂದಿದೆ: ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಬಹುಕಾಲ ಯುಟಿಎಫ್8 ಎಂಬ ಹೆಸರಿನಲ್ಲಿದ್ದ ಕ್ಯಾರೆಕ್ಟರ್ ಸೆಟ್ ಮೂರು ಬೈಟ್‌ವರೆಗೆ ಮಾತ್ರ ಹಿಡಿಯುತ್ತಿತ್ತು. ಕನ್ನಡ ಅದರಲ್ಲಿ ಸಲೀಸಾಗಿ ಕೂರುತ್ತದೆ, ನಾಲ್ಕು ಬೈಟಿನ ಎಮೋಜಿ ಕೂರುವುದಿಲ್ಲ. ಅದಕ್ಕಾಗಿಯೇ 2010ರಲ್ಲಿ ನಾಲ್ಕು ಬೈಟ್ ಹಿಡಿಯುವ ಬೇರೊಂದು ಸೆಟ್ ತರಬೇಕಾಯಿತು.

ಎರಡನೆಯ ಹದಿನೈದು ನಿಮಿಷವನ್ನು ಹುಡುಕಾಟಕ್ಕೆ ಕೊಡಿ. ಒಮ್ಮೆ ನನ್ನ ತರಗತಿಯ ತಂಡವೊಂದು ಗ್ರಂಥಾಲಯದ ಪಟ್ಟಿಗೆ ಹುಡುಕಾಟದ ಸೌಲಭ್ಯ ಬರೆದಿತ್ತು. 'ಸಾಫ್ಟ್‌ವೇರ್' ಎಂದು ಟೈಪಿಸಿದರೆ ಕಣ್ಣೆದುರೇ ಇರುವ ಪುಸ್ತಕ ಸಿಗುತ್ತಿರಲಿಲ್ಲ. ಎರಡು ದಿನ ಹುಡುಕಿದ ಮೇಲೆ ಕಾರಣ ತಿಳಿಯಿತು. ಆ ಪದದಲ್ಲಿ 'ಟ್' ಮತ್ತು 'ವೇ' ನಡುವೆ, ವ ಒತ್ತಾಗಿ ಕೆಳಗಿಳಿಯದಂತೆ ತಡೆಯುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಯೊಂದು (ಜೀರೊ ವಿಡ್ತ್ ನಾನ್-ಜಾಯ್ನರ್) ಇರುತ್ತದೆ. ಪಟ್ಟಿಗೆ ಹೆಸರು ತುಂಬಿದವರು ಅದನ್ನು ಹಾಕಿದ್ದರು, ಹುಡುಕಿದವರು ಹಾಕಿರಲಿಲ್ಲ. ಇದೇ ಬಗೆಯ ಇನ್ನೊಂದು ತೊಡಕು ಓತ್ವದ್ದು. 'ಕೋಟೆ' ಎಂಬ ಪದದ ಓತ್ವವನ್ನು ಒಂದೇ ಕೋಡ್ ಪಾಯಿಂಟಿನಲ್ಲಿ ಬರೆಯಬಹುದು, ಅಥವಾ ಎತ್ವ, ಊತ್ವ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಮೊದಲ ರೂಪದಲ್ಲಿ ಪದಕ್ಕೆ ನಾಲ್ಕು ಕೋಡ್ ಪಾಯಿಂಟ್, ಎರಡನೆಯದರಲ್ಲಿ ಆರು. ಎರಡೂ ಒಂದೇ ಎಂದು ಯೂನಿಕೋಡ್ ಹೇಳುತ್ತದೆ, ಆದರೆ ಬರಿಯ ಸಮಚಿಹ್ನೆಯಿಂದ ಹೋಲಿಸಿದ ಪ್ರೋಗ್ರಾಮ್ ಬೇರೆ ಎನ್ನುತ್ತದೆ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಷನ್ ಎಂಬ ಕ್ರಮ ಇರುವುದು ಈ ಕಾರಣಕ್ಕೆ. ಕಾಣದ ಚಿಹ್ನೆಯ ಸಮಸ್ಯೆಯನ್ನು ಮಾತ್ರ ಸಾಮಾನ್ಯ ನಾರ್ಮಲೈಸೇಷನ್ ಬಗೆಹರಿಸುವುದಿಲ್ಲ. ಹುಡುಕುವ ಸೂಚಿಯಲ್ಲಿ ಅದನ್ನು ಬಿಟ್ಟು, ಮೂಲ ಪಠ್ಯದಲ್ಲಿ ಉಳಿಸಿಕೊಳ್ಳಬೇಕು, ಇಲ್ಲವಾದರೆ ಬರೆದವರ ಕಾಗುಣಿತವನ್ನೇ ನಾವು ಕೆಡಿಸಿದಂತಾಗುತ್ತದೆ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುವಂತೆ ಬಿಡಿ.

ಅಕಾರಾದಿಯ ಜೋಡಣೆಗೆ ಹೆಚ್ಚು ಹೊತ್ತು ಬೇಡ, ಒಂದು ಉದಾಹರಣೆ ಸಾಕು. ಯೂನಿಕೋಡಿನ ಕೋಷ್ಟಕದಲ್ಲಿ 'ಳ'ವು 'ಲ'ದ ಬೆನ್ನಿಗೇ, 'ವ'ಕ್ಕಿಂತ ಮೊದಲು ಬರುತ್ತದೆ. ನಾವು ಕಲಿತ ವರ್ಣಮಾಲೆಯಲ್ಲಿ ಅದು 'ಹ'ದ ನಂತರ, ಕೊನೆಯಲ್ಲಿದೆ. ಹಾಗಾಗಿ ಕೋಡ್ ಪಾಯಿಂಟ್ ಕ್ರಮದಲ್ಲಿ ಜೋಡಿಸಿದರೆ 'ಕಳಶ' ಮೊದಲು, 'ಕವಿ' ಆಮೇಲೆ. ವರ್ಣಮಾಲೆಯ ಕ್ರಮದಲ್ಲಿ ಇದು ತಿರುಗುಮುರುಗು.

ಇನ್ನು ವಾಕ್ಯಗಳ ವಿಚಾರ. ಪ್ರೋಗ್ರಾಮರನು ಸಂದೇಶಗಳನ್ನು ತುಂಡುಗಳಾಗಿ ಅಂಟಿಸಿ ಕಟ್ಟುವ ಅಭ್ಯಾಸವು ಇಂಗ್ಲಿಷಿನಲ್ಲಿ ಹೇಗೋ ನಡೆದುಹೋಗುತ್ತದೆ, ಏಕೆಂದರೆ ಅಲ್ಲಿ ನಾಮಪದ ಬದಲಾದರೂ ಸುತ್ತಲಿನ ಪದಗಳು ಬಹುಮಟ್ಟಿಗೆ ಅಲುಗಾಡುವುದಿಲ್ಲ. ಕನ್ನಡದಲ್ಲಿ ವಿಭಕ್ತಿಪ್ರತ್ಯಯ ನಾಮಪದಕ್ಕೇ ಅಂಟುತ್ತದೆ, ಅಂಟುವಾಗ ರೂಪ ಬದಲಿಸುತ್ತದೆ. 'ಗೆ' ಎಂಬ ತುಂಡನ್ನು ಅನುವಾದದ ಕಡತದಲ್ಲಿಟ್ಟು, ಚಲಕದ (ಬದಲಾಗುವ ಪದ ಬಂದು ಕೂರುವ ಜಾಗದ) ಕೊನೆಗೆ ಅಂಟಿಸಿದರೆ 'ವರದಿಗೆ' ಸರಿಯಾಗುತ್ತದೆ, 'ಲೇಖನಗೆ' ತಪ್ಪಾಗುತ್ತದೆ, 'ಗುರುಗೆ' ಎಂಬುದು 'ಗುರುವಿಗೆ' ಆಗಬೇಕಿತ್ತು, 'ರಮೇಶಗೆ' ಎಂಬುದು 'ರಮೇಶನಿಗೆ' ಆಗಬೇಕಿತ್ತು. ವ್ಯಕ್ತಿಗಳ ಹೆಸರಿನ ನಂತರ 'ಅವರಿಗೆ' ಎಂದು ಸೇರಿಸಿ ಬಿಡಿಸಿಕೊಳ್ಳುವ ಉಪಾಯವನ್ನು ಅನುವಾದಕರು ಬಲ್ಲರು, ಆದರೆ ಅವರ ಕೈಗೆ ಇಡೀ ವಾಕ್ಯ ಸಿಕ್ಕರೆ ಮಾತ್ರ ಅದು ಸಾಧ್ಯ. ಕ್ರಿಯಾಪದವೂ ಹಾಗೆಯೇ: 'ಕಳುಹಿಸಿದನು', 'ಕಳುಹಿಸಿದಳು', 'ಕಳುಹಿಸಿದರು' ಇವುಗಳಲ್ಲಿ ಯಾವುದು ಎಂಬುದು ಚಲಕದಲ್ಲಿರುವ ಹೆಸರನ್ನು ಅವಲಂಬಿಸಿರುತ್ತದೆ. ಇಡೀ ವಾಕ್ಯವನ್ನು ಒಂದೇ ಘಟಕವಾಗಿ ಹೊರಗಿನ ಕಡತದಲ್ಲಿಡಿ, ಚಲಕಗಳಿಗೆ ಕ್ರಮಸಂಖ್ಯೆಯ ಬದಲು ಹೆಸರು ಕೊಡಿ, ಆ ವಾಕ್ಯ ಪರದೆಯ ಮೇಲೆ ಎಲ್ಲಿ ಕಾಣಿಸುತ್ತದೆಂದು ಅನುವಾದಕರಿಗೆ ಒಂದು ಸಾಲಿನ ಟಿಪ್ಪಣಿ ಬರೆಯಿರಿ ಎಂಬ ನಿಯಮ ಈ ಒಂದು ಉದಾಹರಣೆಯಿಂದ ಮನಸ್ಸಿನಲ್ಲಿ ಕೂರುತ್ತದೆ.

ಬಹುವಚನವನ್ನೂ ಇದರ ಜೊತೆಗೇ ಹೇಳಿ. ಎಣಿಕೆ ಒಂದಾದರೆ ಏಕವಚನ, ಇಲ್ಲವಾದರೆ ಬಹುವಚನ ಎಂದು ಕೋಡಿನಲ್ಲಿ ಬರೆಯುವುದು ಇಂಗ್ಲಿಷಿನ ವ್ಯಾಕರಣವನ್ನು ಎಲ್ಲರ ಮೇಲೆ ಹೇರಿದಂತೆ. ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ದತ್ತಕೋಶವು ಭಾಷೆಗಳ ಎಣಿಕೆಯ ರೂಪಗಳನ್ನು ಗರಿಷ್ಠ ಆರು ಬಗೆಗಳಾಗಿ ವಿಂಗಡಿಸುತ್ತದೆ. ಅರೇಬಿಕ್ ಆರನ್ನೂ ಬಳಸುತ್ತದೆ, ಜಪಾನಿಗೆ ಒಂದೇ ಸಾಕು. ಪೋಲಿಷ್‌ನಲ್ಲಿ ಕಡತವೊಂದಾದರೆ 'ಪ್ಲಿಕ್', ಎರಡರಿಂದ ನಾಲ್ಕಕ್ಕೆ 'ಪ್ಲಿಕಿ', ಐದಕ್ಕೆ 'ಪ್ಲಿಕುಫ್', ಹನ್ನೆರಡಕ್ಕೂ 'ಪ್ಲಿಕುಫ್', ಇಪ್ಪತ್ತೆರಡಕ್ಕೆ ಮತ್ತೆ 'ಪ್ಲಿಕಿ'. ಕನ್ನಡದ ನಿಯಮದಲ್ಲಿ ಸೊನ್ನೆ ಮತ್ತು ಒಂದು ಒಂದೇ ಬಗೆಗೆ ಸೇರುತ್ತವೆ, ಇಂಗ್ಲಿಷಿನಲ್ಲಿ ಸೊನ್ನೆ ಬಹುವಚನದ ಕಡೆಗಿದೆ. ಇದನ್ನೆಲ್ಲ ವಿದ್ಯಾರ್ಥಿಗಳು ನೆನಪಿಡಬೇಕಾಗಿಲ್ಲ. ಈ ನಿರ್ಧಾರ ತಮ್ಮ ಕೋಡಿನದಲ್ಲ, ಐಸಿಯು ಅಥವಾ ಗೆಟ್‌ಟೆಕ್ಸ್ಟ್‌ನಂತಹ ಸಿದ್ಧ ಕೋಡಿನ ಗ್ರಂಥಾಲಯಕ್ಕೆ (ಲೈಬ್ರರಿಗೆ) ಬಿಡಬೇಕಾದದ್ದು ಎಂದು ಅರಿತರೆ ಸಾಕು.

ವಿನ್ಯಾಸದ ಪಾಠಕ್ಕೆ ನಾನು ಬಳಸುವ ಸೂತ್ರವೆಂದರೆ, ಪ್ರತಿ ಸ್ಟ್ರಿಂಗ್‌ನ ಬಗ್ಗೆಯೂ ಇದು ಯಂತ್ರಕ್ಕೋ ಮನುಷ್ಯರಿಗೋ ಎಂದು ಕೇಳುವುದು. ಯಂತ್ರಕ್ಕಾದರೆ ಯಾವ ಪ್ರದೇಶದ ಪ್ರಭಾವವೂ ತಗಲಬಾರದು, ಮನುಷ್ಯರಿಗಾದರೆ ಕಟ್ಟಕಡೆಯ ಹಂತದಲ್ಲಿ, ತೋರಿಸುವ ಕ್ಷಣದಲ್ಲಿ, ಅವರ ಲೊಕೇಲ್‌ಗೆ (ಭಾಷೆ ಮತ್ತು ಪ್ರದೇಶದ ಆಯ್ಕೆಗೆ) ತಕ್ಕಂತೆ ರೂಪಿಸಬೇಕು. ಟರ್ಕಿಶ್‌ನ ಪ್ರಸಿದ್ಧ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಆ ಭಾಷೆಯ ಲ್ಯಾಟಿನ್ ವರ್ಣಮಾಲೆಯಲ್ಲಿ ಚುಕ್ಕೆಯಿರುವ ಐ ಮತ್ತು ಚುಕ್ಕೆಯಿಲ್ಲದ ಐ ಎರಡು ಬೇರೆ ಅಕ್ಷರಗಳು, ಎರಡಕ್ಕೂ ತಮ್ಮದೇ ದೊಡ್ಡಕ್ಷರಗಳಿವೆ. ಜಾವಾದಲ್ಲಿ ಲೊಕೇಲ್ ಹೇಳದೆ ಸಣ್ಣಕ್ಷರಕ್ಕೆ ಇಳಿಸುವ ವಿಧಾನವು ಕಂಪ್ಯೂಟರಿನ ಲೊಕೇಲನ್ನೇ ಹಿಡಿಯುವುದರಿಂದ, ಐ ಇರುವ ಆದೇಶಪದಗಳನ್ನು ಹಾಗೆ ಹೋಲಿಸುವ ಕೋಡ್ ಟರ್ಕಿಶ್ ಕಂಪ್ಯೂಟರಿನಲ್ಲಿ ಕೆಡುತ್ತದೆ. ಅಂಕಿಗಳಲ್ಲಿಯೂ ಇದೇ ವಿವೇಚನೆ ಬೇಕು: ಪೈಥಾನ್ 3 '೧೨' ಎಂಬ ಪಠ್ಯವನ್ನು ಹನ್ನೆರಡು ಎಂದು ಒಪ್ಪಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟಿನಲ್ಲಿ ಪಠ್ಯದ ಮಾದರಿಯನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಅಂಕಿಯ ಗುರುತು ಅದನ್ನು ಅಂಕಿಯೆಂದೇ ಎಣಿಸುವುದಿಲ್ಲ. ಸರ್ವರ್ ಒಪ್ಪಿದ್ದನ್ನು ಬ್ರೌಸರ್ ತಿರಸ್ಕರಿಸುವ ಸಂದರ್ಭ ಹೀಗೆ ಹುಟ್ಟುತ್ತದೆ.

ಸಮಯದ ವಿಷಯದಲ್ಲಿ ಒಂದು ಎಚ್ಚರಿಕೆ. ಎಲ್ಲವನ್ನೂ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಉಳಿಸಿ ಎಂದು ಹೇಳಿ ಮುಗಿಸಿಬಿಡುವುದು ರೂಢಿ. ನಡೆದುಹೋದ ಘಟನೆಗಳಿಗೆ ಅದು ಸರಿ. ಮುಂದಿನ ವರ್ಷದ ಬೆಳಗಿನ ಹತ್ತು ಗಂಟೆಯ ಸಭೆಗೆ ಸರಿಯಲ್ಲ, ಏಕೆಂದರೆ ಅಷ್ಟರಲ್ಲಿ ಆ ದೇಶವು ತನ್ನ ಕಾಲವಲಯವನ್ನೇ ಬದಲಿಸಬಹುದು. ಸಮೋವಾ ದೇಶವು 2011ರ ಡಿಸೆಂಬರ್ 29ರ ಮರುದಿನವನ್ನು 31 ಎಂದು ಎಣಿಸಿ, 30ನೇ ತಾರೀಕನ್ನು ಪೂರ್ತಿ ಬಿಟ್ಟುಬಿಟ್ಟಿತು. ಇಂತಹ ಸಭೆಗಳಿಗೆ ಸ್ಥಳೀಯ ಸಮಯವನ್ನೂ ಕಾಲವಲಯದ ಹೆಸರನ್ನೂ ಒಟ್ಟಿಗೆ ಉಳಿಸಬೇಕು.

ಈಗ ಪ್ರಾಜೆಕ್ಟ್‌ಗೆ ಬರೋಣ. ನಿಜವಾದ ಕಲಿಕೆ ಆಗುವುದು ಇಲ್ಲಿಯೇ. ಸೆಮಿಸ್ಟರಿನ ಮಧ್ಯದಲ್ಲಿ, ಮೊದಲ ಆವೃತ್ತಿ ಓಡತೊಡಗಿದ ಮೇಲೆ, ಗ್ರಾಹಕರಿಂದ ಬಂದ ಬದಲಾವಣೆಯ ಕೋರಿಕೆಯಂತೆ ಒಂದು ಪುಟವನ್ನು ಎಲ್ಲ ತಂಡಗಳಿಗೂ ಕೊಡಿ: ಇನ್ನೆರಡು ಭಾಷೆಗಳು ಬೇಕು, ಒಂದು ಬಲದಿಂದ ಎಡಕ್ಕೆ ಓದುವಂಥದ್ದು, ಬಳಕೆದಾರರು ಎರಡು ಕಾಲವಲಯಗಳಲ್ಲಿದ್ದಾರೆ, ಅವರಲ್ಲಿ ಕೆಲವರಿಗೆ ಮನೆತನದ ಹೆಸರೇ ಇಲ್ಲ. ಇದು ಬರಲಿದೆಯೆಂದು ಮೊದಲೇ ಹೇಳಬೇಡಿ. ಕೋರಿಕೆಯನ್ನು ಪೂರೈಸುವ ಮುನ್ನ ಎಷ್ಟು ಕಡತಗಳನ್ನು ಮುಟ್ಟಬೇಕಾಗುತ್ತದೆಂದು ಅಂದಾಜು ಬರೆಸಿ, ಮುಗಿದ ಮೇಲೆ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಿಂದ ನಿಜವಾದ ಸಂಖ್ಯೆ ತೆಗೆಸಿ, ಎರಡನ್ನೂ ಎದುರುಬದುರಿಟ್ಟು ಚರ್ಚಿಸಿ. ಸಂದೇಶಗಳನ್ನು ಮೊದಲೇ ಹೊರಗಿಟ್ಟಿದ್ದ ತಂಡಕ್ಕೂ ನೂರಾರು ಕಡೆ ಕೋಡಿನೊಳಗೆ ಹುದುಗಿಸಿದ್ದ ತಂಡಕ್ಕೂ ಇರುವ ಅಂತರವನ್ನು ಅವರೇ ನೋಡುತ್ತಾರೆ. ಮಾಡ್ಯುಲಾರಿಟಿಯ (ಕೋಡನ್ನು ಸ್ವತಂತ್ರ ಭಾಗಗಳಾಗಿ ವಿಂಗಡಿಸುವುದರ) ಬಗ್ಗೆ ನೀವು ಮೊದಲು ಹೇಳಿದ್ದೆಲ್ಲ ಆಗ ಅವರಿಗೆ ತಮ್ಮದೇ ಅನುಭವದ ಮಾತಾಗುತ್ತದೆ.

ಅರೇಬಿಕ್ ಬಾರದೆ ಇದನ್ನು ಪರೀಕ್ಷಿಸುವುದು ಹೇಗೆಂದರೆ, ಹುಸಿ ಸ್ಥಳೀಕರಣದಿಂದ. ಇಂಗ್ಲಿಷ್ ಸಂದೇಶಗಳ ಅಕ್ಷರಗಳಿಗೆ ಚುಕ್ಕೆ, ಗೆರೆಗಳನ್ನು ಸೇರಿಸಿ, ಉದ್ದವನ್ನು ಹಿಗ್ಗಿಸಿ, ಎರಡು ತುದಿಗೂ ಆವರಣ ಚಿಹ್ನೆ ಹಾಕುವ ಇಪ್ಪತ್ತು ಸಾಲಿನ ಪ್ರೋಗ್ರಾಮನ್ನು ತಂಡಗಳೇ ಬರೆಯಬಲ್ಲವು. ಚಿಹ್ನೆಯಿಲ್ಲದೆ ಮಾಮೂಲಿಯಾಗಿ ಕಾಣುವ ಪದ ಕೋಡಿನೊಳಗೆ ಹುದುಗಿದೆ ಎಂದರ್ಥ. ಕೊನೆಯ ಆವರಣ ಕಾಣದಿದ್ದರೆ ಪರದೆಯಲ್ಲಿ ಜಾಗ ಸಾಲದು ಎಂದರ್ಥ. ಒಂದೇ ವಾಕ್ಯದ ನಡುವೆ ಆವರಣಗಳು ಮತ್ತೆ ಮತ್ತೆ ಬಂದರೆ ವಾಕ್ಯವನ್ನು ತುಂಡುಗಳಿಂದ ಅಂಟಿಸಿದ್ದಾರೆ ಎಂದರ್ಥ. ಆಂಡ್ರಾಯ್ಡ್‌ನಲ್ಲಿ ಇಂತಹ ಎರಡು ಹುಸಿ ಲೊಕೇಲ್‌ಗಳು ಸಿದ್ಧವಾಗಿಯೇ ಸಿಗುತ್ತವೆ, ಒಂದು ಹೀಗೆ ಹಿಗ್ಗಿಸುತ್ತದೆ, ಇನ್ನೊಂದು ಇಡೀ ವಿನ್ಯಾಸವನ್ನು ಬಲದಿಂದ ಎಡಕ್ಕೆ ತಿರುಗಿಸುತ್ತದೆ. ವೆಬ್ ಪುಟಗಳಾದರೆ ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಎಡ, ಬಲ ಎಂದು ಬರೆಯುವ ಬದಲು ಆರಂಭ, ಅಂತ್ಯ ಎಂಬ ತಾರ್ಕಿಕ ಗುಣಗಳನ್ನು ಬಳಸಿದ ತಂಡಕ್ಕೆ ಈ ಪರೀಕ್ಷೆಯಲ್ಲಿ ಹೆಚ್ಚು ಕೆಲಸ ಬೀಳುವುದಿಲ್ಲ.

ಅಂಕಗಳ ಬಗ್ಗೆ ಕೇಳಿದ್ದೀರಿ. ಅನುವಾದದ ಗುಣಮಟ್ಟಕ್ಕೆ ಒಂದು ಅಂಕವನ್ನೂ ಕೊಡಬೇಡಿ, ಎಷ್ಟು ಭಾಷೆಗಳಿವೆ ಎಂಬುದನ್ನೂ ಎಣಿಸಬೇಡಿ. ಎಣಿಸಿದ ಕೂಡಲೇ ತಂಡಗಳು ಯಂತ್ರಾನುವಾದದಿಂದ ಹತ್ತು ಭಾಷೆ ತುಂಬಿಸಿ ತರುತ್ತವೆ. ಪ್ರಾಜೆಕ್ಟಿನ ನೂರರಲ್ಲಿ ಹದಿನೈದು ಅಂಕಗಳನ್ನು ನಾನು ಇದಕ್ಕೆ ಇಡುತ್ತೇನೆ. ಅದರಲ್ಲಿ ಬಹುಪಾಲು, ಮೌಲ್ಯಮಾಪನದ ದಿನ ನಾನು ತಂದುಕೊಟ್ಟ ಹೊಸ ಭಾಷೆಯ ಕಡತವನ್ನು ಕೋಡ್ ಮುಟ್ಟದೆ ಸೇರಿಸಿ ಓಡಿಸಬಲ್ಲರೇ ಎಂಬುದಕ್ಕೆ. ಉಳಿದದ್ದು ಅಂದಾಜಿನ ಮತ್ತು ನಿಜಸಂಖ್ಯೆಯ ಅಂತರವನ್ನು ವಿವರಿಸುವ ಎರಡು ಪುಟದ ವರದಿಗೆ. ಅಂದಾಜು ತಪ್ಪಿದ್ದಕ್ಕೆ ಅಂಕ ಕಳೆಯುವುದಿಲ್ಲ, ಏಕೆ ತಪ್ಪಿತೆಂದು ತಿಳಿಯದಿದ್ದರೆ ಕಳೆಯುತ್ತೇನೆ.

ಲಿಖಿತ ಪರೀಕ್ಷೆಯಲ್ಲಿ ಅಂತರರಾಷ್ಟ್ರೀಕರಣವನ್ನು ವ್ಯಾಖ್ಯಾನಿಸಿ ಎಂಬ ಪ್ರಶ್ನೆ ಬೇಡ. ಹದಿನೈದು ಸಾಲಿನ ಕೋಡ್ ಕೊಟ್ಟು, ಅದರಲ್ಲಿ ಹೆಸರನ್ನು ಹತ್ತು ಬೈಟಿಗೆ ಕತ್ತರಿಸುವ ಒಂದು ಸಾಲು, ತುಂಡುಗಳಿಂದ ಅಂಟಿಸಿದ ಒಂದು ಸಂದೇಶ, ದಿನಾಂಕವನ್ನು 03/04/2025 ಎಂದು ಪಠ್ಯವಾಗಿ ಉಳಿಸುವ ಒಂದು ಸಾಲು ಇರಲಿ. ದೋಷಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಅದನ್ನು ಬಯಲಿಗೆಳೆಯುವ ಒಂದು ಇನ್‌ಪುಟ್ ಬರೆಯಿರಿ ಎಂದು ಕೇಳಿ. ಹೆಸರಿನ ಸಾಲಿಗೆ 'ಶ್ರೀನಿಧಿ' ಎಂದು ಬರೆದು, ಹತ್ತನೇ ಬೈಟಿನ ಕಡಿತವು 'ಶ್ರೀ'ಯ ಈತ್ವದ ಚಿಹ್ನೆಯ ಮೂರು ಬೈಟ್‌ಗಳ ನಡುವೆಯೇ ಬೀಳುತ್ತದೆಂದು ತೋರಿಸಿದವರಿಗೆ ಪೂರ್ತಿ ಅಂಕ ಕೊಡಿ.